ಕಣದವರೆಗೂ ಕೇಳದ ದನಿ

ಗಂಟಲು ಕಟ್ಟಿದೆ ಎಂದು ಯಾರಾದರೂ ನಿಮ್ಮ ಮುಂದೆ ಬಂದು ಕೂತರೆ ಮೊದಲು ನಿಮ್ಮ ಬಾಯಿ ಮುಚ್ಚಿಕೊಳ್ಳಿ. ಹೊಸದಾಗಿ ಡಾಕ್ಟರಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇದನ್ನೇ. "ಮೆಣಸಿನ ಕಷಾಯ ಕುಡೀರಿ, ಸರಿಹೋಗುತ್ತೆ" ಎನ್ನುವುದಕ್ಕೆ ಓದಿದ ಡಾಕ್ಟರು ಬೇಕಿಲ್ಲ. ಆ ಮಾತನ್ನು ಅವರ ಮನೆಯಲ್ಲಿ ಅತ್ತೆಯೇ ಹೇಳಿ, ಕಷಾಯವನ್ನೂ ಕುಡಿಸಿಯೇ ಕಳಿಸಿರುತ್ತಾರೆ. ನೀವು ಮಾಡಬೇಕಾದದ್ದು ಗಂಟಲೊಳಗೆ ನೋಡುವುದು. ನೋಡದೆ ರೋಗದ ಹೆಸರು ಹೇಳುವವರ ಮೇಲೆ ನನಗಿದ್ದ ಸಿಟ್ಟು ಈ ವಯಸ್ಸಿನಲ್ಲೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಬಸ್ಸಿನಲ್ಲಿ ಕೂತು ಒಂದು ಕೋಳಿನಿದ್ದೆ ಮಾಡಿ ಕಣ್ಣು ಬಿಟ್ಟರೆ ಬರುವ ಯಳಂದೂರು ಮೈಸೂರು ಸೀಮೆಯದು. ನಮ್ಮದು ರೇಷ್ಮೆ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಸಣ್ಣ ಧರ್ಮಾಸ್ಪತ್ರೆ. ಅದು ಮುಚ್ಚಿಹೋಗಿ ಬಹಳ ಕಾಲವಾಯಿತು. ಮದರಾಸಿನಲ್ಲಿ ಡಾಕ್ಟರಿಕೆ ಓದಿ ಬಂದಿದ್ದ ನನ್ನನ್ನು ಅಲ್ಲಿ ತೆಗೆದುಕೊಂಡದ್ದು ಹೆರಿಗೆ ಮಾಡಿಸಲಿಕ್ಕೆ. ಲೇಡಿ ಡಾಕ್ಟರೆಂದರೆ ಹೆರಿಗೆ, ಅಷ್ಟೇ. ಗಂಟಲು, ಎದೆ, ಕಣ್ಣು ಎಲ್ಲವೂ ದೊಡ್ಡ ಡಾಕ್ಟರದ್ದು. ದೊಡ್ಡ ಡಾಕ್ಟರೆಂದರೆ ನನ್ನ ಮೇಲಿನವರು. ಕೈಗುಣ ಇದ್ದ ಮನುಷ್ಯ, ಹಾವು ಕಚ್ಚಿದವರನ್ನು ಪಕ್ಕದಲ್ಲೇ ಕೂತು ಬದುಕಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಒಂದು ಸಲ ಬಾಯಿಂದ ಬಿದ್ದ ಮಾತನ್ನು ವಾಪಸು ತೆಗೆದುಕೊಳ್ಳುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಗಂಟಲ ಕನ್ನಡಿ ನನ್ನ ಸ್ವಂತದ್ದು. ಉದ್ದನೆ ಕಡ್ಡಿಯ ತುದಿಗೆ ಓರೆಯಾಗಿ ಕೂರಿಸಿದ ಪುಟ್ಟ ದುಂಡು ಕನ್ನಡಿ. ರೋಗಿಯನ್ನು ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ ಕೂರಿಸಬೇಕು. ನನ್ನ ಹಣೆಗೆ ಕಟ್ಟಿಕೊಂಡ ಇನ್ನೊಂದು ಕನ್ನಡಿಯಿಂದ ಆ ಬಿಸಿಲನ್ನು ಅವರ ಬಾಯೊಳಕ್ಕೆ ಬಿಡಬೇಕು. ಚಿಕ್ಕ ಕನ್ನಡಿಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ, ಸುಡುತ್ತದೆಯೇ ಎಂದು ನನ್ನ ಮುಂಗೈಗೆ ಮುಟ್ಟಿಸಿ ನೋಡಿ, ಅವರ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಕಿರುನಾಲಿಗೆಯ ಹತ್ತಿರಕ್ಕೆ ಒಯ್ದು "ಈ ಅನ್ನವ್ವಾ" ಎನ್ನಬೇಕು. ಆಗ ಕನ್ನಡಿಯಲ್ಲಿ ಕಾಣುತ್ತವೆ, ಬೆಳ್ಳಗಿನ ಎರಡು ಸಣ್ಣ ಪಟ್ಟಿಗಳು. ಉಸಿರೆಳೆದರೆ ದೂರ ಸರಿಯುತ್ತವೆ, ದನಿ ತೆಗೆದರೆ ಒಂದಕ್ಕೊಂದು ಸೇರುತ್ತವೆ. ಮನುಷ್ಯರ ಜಗಳ, ಜೋಗುಳ, ಚಾಡಿ ಎಲ್ಲವೂ ಹುಟ್ಟುವ ಜಾಗ ಅದೇ! ಗಂಡು ಡಾಕ್ಟರು ಬಾಯಿಗೆ ಕೈ ಹಾಕುವುದನ್ನು ನಮ್ಮ ಹೆಂಗಸರು ಒಪ್ಪುತ್ತಿರಲಿಲ್ಲ. ಹಾಗಾಗಿ ಅವರೆಲ್ಲ ನನ್ನ ಹತ್ತಿರ ಬಂದರು. ನನಗೆ ಕನ್ನಡಿ ಡಾಕ್ಟ್ರಮ್ಮ ಎಂಬ ಹೆಸರೂ ಬಂತು. ದೊಡ್ಡ ಡಾಕ್ಟರಿಗೆ ಅದು ರುಚಿಸಲಿಲ್ಲ. ಅವರಿಗೆ ರುಚಿಸಲಿ ಎಂದು ನಾನು ಕನ್ನಡಿ ಕೊಂಡಿರಲೂ ಇಲ್ಲ.

ಯಳಂದೂರಿನಿಂದ ಒಬ್ಬ ಸೊಸೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಮದುವೆಯಾಗಿ ಬಂದ ಕೆಲವೇ ದಿನಕ್ಕೆ ದನಿ ಹೊರಟುಹೋಗಿತ್ತಂತೆ. ತುಟಿ ಆಡುತ್ತದೆ, ಸದ್ದಿಲ್ಲ. ಗಾಳಿ ಸೇರಿದೆ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆದು, ಕತ್ತಿನ ಎರಡು ಕಡೆ ಬಳೆಚೂರು ಕಾಯಿಸಿ ಬರೆ ಹಾಕಿದ್ದರು. ಗಾಯ ಇನ್ನೂ ಹಸಿಯಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಿಯಲ್ಲಿ ನೋಡಿದರೆ ಪಟ್ಟಿಗಳು ಚೆನ್ನಾಗಿಯೇ ಇವೆ. "ಕೆಮ್ಮವ್ವಾ" ಎಂದೆ. ಕೆಮ್ಮಿದಳು, ಗಟ್ಟಿ ದನಿಯ ಕೆಮ್ಮು! ಅತ್ತೆ ಹೆದರಿ ಎದ್ದು ನಿಂತಳು.

"ನೋಡಿದ್ರಾ, ಒಳ್ಗ ಕುಂತಿರದು ಕೆಮ್ತಾ ಅದ!" ಎಂದಳು.

"ಕೆಮ್ಮಿದವಳು ನಿಮ್ಮ ಸೊಸೆ. ಅವಳ ದನಿ ಎಲ್ಲೂ ಹೋಗಿಲ್ಲ, ನಿಮ್ಮ ಮನೆಯಲ್ಲಿ ತೆಗೆಯಲು ಮನಸ್ಸಿಲ್ಲ ಅವಳಿಗೆ" ಎಂದೆ. ಅತ್ತೆಯನ್ನು ಹೊರಗೆ ಕಳಿಸಿ, ನಾನು ಮತ್ತು ಆ ಹುಡುಗಿ ಇಬ್ಬರೇ ಕೂತೆವು. ಕೆಮ್ಮಿಸಿದೆ, ಕೆಮ್ಮನ್ನು ಎಳೆದು "ಹೂಂ" ಅನ್ನಿಸಿದೆ, "ಹೂಂ" ಎಂಬುದನ್ನು ಎಳೆದು "ಅವ್ವ" ಅನ್ನಿಸಿದೆ. "ಅವ್ವ" ಎಂಬ ಮಾತು ಬಂದದ್ದೇ ಅವಳು ಅಳತೊಡಗಿದಳು, ಮಧ್ಯಾಹ್ನದವರೆಗೂ ಅತ್ತಳು, ಪೂರಾ ದನಿಯಲ್ಲಿ. ತಿಂಗಳ ಮಟ್ಟಿಗೆ ತವರಿಗೆ ಕಳಿಸಿ ಎಂದು ನಾನು ಹೇಳಿದ್ದು ಆ ಮನೆಯವರಿಗೆ ಅವಮಾನವೆನಿಸಿತು. ಎನಿಸಲಿ.

ಇನ್ನೊಬ್ಬರು ಧನಗೆರೆಯ ಯಜಮಾನರು, ಬಾಯಲ್ಲಿ ಬೀಡಿ ಇಲ್ಲದೆ ಅವರನ್ನು ಕಂಡವರಿಲ್ಲ. ದನಿ ಒಡೆದು ಅನೇಕ ತಿಂಗಳಾಗಿದ್ದರೂ ಜೇನುತುಪ್ಪ ನೆಕ್ಕುತ್ತ ಕೂತಿದ್ದರು. ಕನ್ನಡಿಯಲ್ಲಿ ಒಂದು ಪಟ್ಟಿ ಅಲುಗಾಡದೆ ನಿಂತಿತ್ತು, ಅದರ ಮೇಲೆ ಹೂಕೋಸಿನಂಥ ಹುಣ್ಣು, ಕ್ಯಾನ್ಸರು. ಮದರಾಸಿಗೆ ಕಳಿಸಿದೆವು, ತಡವಾಗಿತ್ತು. ಅದಕ್ಕೇ ಹೇಳುವುದು, ನೆಗಡಿ ವಾಸಿಯಾದ ಮೇಲೂ ವಾರಗಟ್ಟಲೆ ಸರಿಹೋಗದ ದನಿಯನ್ನು ನೋಡದೆ ಮನೆಗೆ ಕಳಿಸಬೇಡಿ. ಗಂಟಲು ಕಟ್ಟುವುದು ರೋಗದ ಹೆಸರಲ್ಲ, ಒಳಗೆ ಏನೋ ಆಗಿದೆ ಎಂದು ಬಂದ ಸುದ್ದಿ. ಅದು ಗಂಟಲ ಕ್ಷಯವಿರಬಹುದು, ಹುಣ್ಣಿರಬಹುದು, ಬರಿಯ ಆಯಾಸವಿರಬಹುದು. ಹೊರಗಿನಿಂದ ಕೇಳಿದರೆ ಎಲ್ಲವೂ ಒಂದೇ ಗೊಗ್ಗರು.

ಈಗ ದೇವೀರಮ್ಮನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅವರಿಗಾಗಿ.

ದೇವೀರಮ್ಮ ಹನೂರಿನ ಆಚೆ, ಬಂಡಳ್ಳಿ ಕಡೆಯ ಒಂದು ಊರಿನಲ್ಲಿ ಶಾಲೆಯ ಉಪಾಧ್ಯಾಯಿನಿ. ಗಂಡ ಕ್ಷಯದಿಂದ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಸರ್ಕಾರದ ಸಹಾಯದಲ್ಲಿ ಊರವರೇ ನಡೆಸುತ್ತಿದ್ದ ಶಾಲೆ ಅದು. ಎಲ್ಲ ತರಗತಿಗೂ ಒಂದೇ ಕೋಣೆ, ಎಲ್ಲಕ್ಕೂ ಅವರೊಬ್ಬರೇ. ಉಳಿದುಕೊಳ್ಳಲು ಶಾಲೆಯ ಹಿಂದಿನ ಸಣ್ಣ ಮನೆ. ಶಾಲೆ ಹೋದರೆ ಅನ್ನವೂ ಹೋಯಿತು, ಸೂರೂ ಹೋಯಿತು. ಆಕೆ ನನ್ನೆದುರು ಕೂತಾಗ ದನಿ ಒಣಗಿದ ಎಲೆಯ ಮೇಲೆ ನಡೆದಂತಿತ್ತು. ಕೈಯಲ್ಲಿ ದೊಡ್ಡ ಡಾಕ್ಟರು ಕೊಟ್ಟ ಚೀಟಿ. ಗಂಟಲ ಕ್ಷಯವೆಂದು ಕಾಣುತ್ತದೆ, ಮಕ್ಕಳ ನಡುವೆ ಇರಬಾರದು ಎಂದು ಅದರಲ್ಲಿ ಬರೆದಿತ್ತು.

"ಒಂದ್ಸಲ ನೀವೂ ನೋಡ್ಬುಡಿ ಡಾಕ್ಟ್ರಮ್ಮ. ಆಮ್ಯಾಲೆ ಎಲ್ಲಿಗಾರ ಓಯ್ತೀನಿ" ಎಂದರು.

ನೋಡಿದೆ. ಕ್ಷಯವಾದರೆ ಒಳಗೆ ಅಲ್ಲಲ್ಲಿ ಹುಣ್ಣು, ಬಾವು, ಕಿತ್ತುಹೋದ ಅಂಚು ಕಾಣಬೇಕು. ಇಲ್ಲಿ ಪಟ್ಟಿಗಳು ಶುಭ್ರ. ಎರಡರ ಅಂಚಿನಲ್ಲೂ ಎದುರುಬದುರಾಗಿ ಸಾಸಿವೆ ಕಾಳಿನಷ್ಟು ಗಂಟು, ಎಡಕ್ಕೊಂದು ಬಲಕ್ಕೊಂದು. ಪಟ್ಟಿಗಳು ಸೇರಬೇಕೆಂದರೂ ಆ ಗಂಟುಗಳು ಬಿಡವು, ಸಂದಿನಲ್ಲಿ ಗಾಳಿ ಸೋರಿ ದನಿ ಗೊಗ್ಗರಾಗುತ್ತದೆ. ಗುದ್ದಲಿ ಹಿಡಿದ ಕೈಗೆ ಜಡ್ಡು ಬರುವುದಿಲ್ಲವೇ, ಅಂಥದೇ ಇದು. ಎದೆಗೆ ಕೊಳವೆ ಇಟ್ಟು ಕೇಳಿದೆ, ಕಫವನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿದೆ. ಕ್ಷಯದ ಸುಳಿವೇ ಇಲ್ಲ.

"ದಿನಾ ಎಷ್ಟು ಕೂಗ್ತೀರಿ?" ಎಂದು ಕೇಳಿದೆ.

ಆಕೆ ನಕ್ಕುಬಿಟ್ಟರು. ಆ ಊರಿನ ಪದ್ಧತಿ ಆಗ ಗೊತ್ತಾಯಿತು ನನಗೆ. ಶಾಲೆಯ ಜಗಲಿಯ ಮೇಲೆ ನಿಂತು ಮೇಷ್ಟ್ರು ಮಗ್ಗಿ ಹೇಳಿಕೊಡಬೇಕು, ಅದು ಹುಣಸೆಮರದಾಚೆಯ ಕಣದಲ್ಲಿ ಕೆಲಸ ಮಾಡುವವರಿಗೆ ಕೇಳಬೇಕು. ಕೇಳಿದರೆ ಪಾಠ ನಡೆಯುತ್ತಿದೆ ಎಂದರ್ಥ. ಕೇಳದಿದ್ದರೆ ಮೇಷ್ಟ್ರು ನಿದ್ದೆ ಮಾಡುತ್ತಿದ್ದಾರೆ ಎಂದರ್ಥ. ಓದು ಬಾರದ ಅಪ್ಪಂದಿರು ಮತ್ತೆ ಹೇಗೆ ತಿಳಿಯಬೇಕು? ಅವರ ಮಟ್ಟಿಗೆ ನ್ಯಾಯವೇ. ಹಿಂದಿದ್ದ ಮೇಷ್ಟ್ರುಗಳು ಕೂಗಿ ಕೂಗಿ ಸಾಕಾಗಿ ಕೆಲಸ ಬಿಟ್ಟು ಹೋಗಿದ್ದರು. ದೇವೀರಮ್ಮನಿಗೆ ಹೋಗಲು ಜಾಗವಿರಲಿಲ್ಲ. ದನಿ ಕಟ್ಟಿದಷ್ಟೂ ಇನ್ನಷ್ಟು ಒತ್ತಿ ಕೂಗಿದ್ದರು.

ಚೀಟಿ ಹಿಡಿದು ದೊಡ್ಡ ಡಾಕ್ಟರ ಹತ್ತಿರ ಹೋದೆ. ಕಂಡದ್ದನ್ನು ಹೇಳಿದೆ. ಅವರು ಕಾಫಿ ಲೋಟ ಕೆಳಗಿಡಲಿಲ್ಲ.

"ಗಂಡ ಏನಾಗಿ ಸತ್ತ?" ಎಂದರು.

"ಕ್ಷಯ, ಸರ್."

"ಹೆಂಡತಿ ಸಣಕಲು. ಕೆಮ್ಮು ಇದೆ. ದನಿ ಇಲ್ಲ. ಇನ್ನೇನು ಬೇಕು ನಿಮಗೆ?"

"ನೀವು ಗಂಟಲು ನೋಡಬೇಕು, ಸರ್. ಕನ್ನಡಿ ನನ್ನ ಹತ್ತಿರವೇ ಇದೆ."

"ನಿಮಗೆ ಹೆರಿಗೆ ವಾರ್ಡು ಸಾಲದೇನಮ್ಮ? ನಾಳೆ ಆ ಮಕ್ಕಳು ಕೆಮ್ಮತೊಡಗಿದರೆ ಯಾರು ಜವಾಬ್ದಾರಿ?"

"ನಾನು" ಎಂದೆ.

"ಹಾಗಾದರೆ ನೀವೇ ಬರೆದುಕೊಡಿ. ಹೆಚ್ಚುಕಮ್ಮಿಯಾದರೆ ಈ ಆಸ್ಪತ್ರೆಯಲ್ಲಿ ನಿಮಗೆ ಜಾಗವಿರುವುದಿಲ್ಲ."

ಬರೆದುಕೊಟ್ಟೆ. ಕೆಲಸ ಹೋಗುವ ಭಯವಿತ್ತು, ಇಲ್ಲವೆನ್ನುವುದಿಲ್ಲ. ಆದರೂ ಅಕ್ಷರ ದುಂಡಗೇ ಬಂದವು. ಕ್ಷಯವಿಲ್ಲ, ಕೂಗಿ ಬಂದ ಗಂಟು, ಮೌನದಿಂದ ವಾಸಿಯಾಗಬಹುದು ಎಂದು ಬರೆದು ಸಹಿ ಹಾಕಿದೆ.

ಮೌನವೆಂದರೆ ಪೂರಾ ಮೌನ. ಆಗ ನಮಗೆ ತಿಳಿದಿದ್ದ ಚಿಕಿತ್ಸೆ ಅದು. ಪಿಸುಮಾತೂ ಕೂಡದು ಎಂದು ಒತ್ತಿ ಹೇಳಿದೆ. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎಂದು ಎಲ್ಲರೂ ತಿಳಿಯುತ್ತಾರೆ. ಒತ್ತಿ ಪಿಸುಗುಟ್ಟಿದರೆ ಅದೂ ಗಂಟಲಿಗೆ ಕೆಲಸವೇ. ಮೆಣಸು ಬೇಡ, ಸುಣ್ಣ ಬಳಿಯುವುದು ಬೇಡ, ಬಿಸಿನೀರಿನ ಆವಿ ಸಾಕು. ಆಕೆ ಒಂದು ಸ್ಲೇಟು ಕತ್ತಿಗೆ ನೇತುಹಾಕಿಕೊಂಡು ಊರಿಗೆ ಹೋದರು.

ಶಾಲೆ ನಿಲ್ಲಿಸಲಿಲ್ಲ. ಕರಿಹಲಗೆಯ ಮೇಲೆ ಬರೆದರು, ಬೆರಳು ತೋರಿಸಿದರು, ಹುಣಸೆಬೀಜ ಹರಡಿ ಕೂಡಿಸಿ ಕಳೆಯಿಸಿದರು, ಚಪ್ಪಾಳೆ ತಟ್ಟಿ ಕರೆದರು. ಟೀಚರು ಸುಮ್ಮನಿದ್ದರೆ ತಾವೂ ಸುಮ್ಮನಿರಬೇಕೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಶಾಲೆಯಲ್ಲಿ ಅಷ್ಟು ಸದ್ದಿಲ್ಲದ್ದು ಕಣದವರಿಗೆ ಭಯ ಹುಟ್ಟಿಸಿತು. ಸುದ್ದಿ ಶಾಲೆಯ ಮ್ಯಾನೇಜರು ಬಸಪ್ಪನವರಿಗೆ ಮುಟ್ಟಿತು. ಊರಿಗೆಲ್ಲ ದೊಡ್ಡ ಹಿಡುವಳಿದಾರರು, ವಿಭೂತಿ ಇಟ್ಟ ಅಗಲ ಹಣೆ, ಮಾತು ಗಡುಸು. ಅವರು ನೇರ ನನ್ನ ಹತ್ತಿರ ಬಂದರು.

"ದೊಡ್ಡ ಡಾಕ್ಟ್ರು ಕಾಯ್ಲ ಅದ ಅಂದ್ರು, ನೀವು ಇಲ್ಲ ಅಂದ್ರಿ. ಯಾರ್ ಮಾತ ನಂಬದು? ಅಲ್ಲಿ ನೋಡುದ್ರ ಸಾಲೆ ಸತ್ತ ಮನೆ ಆದಂಗಾಗದ. ಉಸ್ರೇ ಇಲ್ಲ ಕಣ್ರವ್ವಾ!"

"ಸ್ವಲ್ಪ ದಿನ ತಡೀರಿ ಗೌಡ್ರೇ" ಎಂದೆ.

"ತಡಿಯದು ಏನದ? ಬರೋ ಸೋಮ್ವಾರ ಎತ್ಗ ಆರು ಕಟ್ಟಿ ಉಳಲ್ಲ, ಎಲ್ಲಾರೂ ಊರಲ್ಲೇ ಇರ್ತರ. ಟೀಚರಮ್ಮ ಜಗಲಿ ಮ್ಯಾಲೆ ನಿಂತ್ಕಂಡು ಮಗ್ಗಿ ಯೋಳ್ಲಿ. ನಾನು ಕಣದಲ್ಲಿ ನಿಂತಿರ್ತೀನಿ. ನಂಗ ಕೇಳುಸುದ್ರ ಸಾಲೆ ಅವರ್ದು. ಕೇಳಿಸ್ನಿಲ್ವಾ, ಬೇರೆ ಮೇಷ್ಟ್ರ ನೋಡಿಟ್ಟಿವ್ನಿ."

ಆ ಬೇರೆ ಮೇಷ್ಟ್ರು ಅವರ ಬೀಗರ ಕಡೆಯ ಹುಡುಗ. ನಾಟಕದಲ್ಲಿ ಭೀಮನ ಪಾತ್ರ ಮಾಡಿ ಹೆಸರಾದವನು. ಗಂಟಲನ್ನು ನೋಡಿ ಮೇಷ್ಟ್ರನ್ನು ಆರಿಸುವ ಊರಿನಲ್ಲಿ ಅವನಿಗಿಂತ ಯೋಗ್ಯ ಎಲ್ಲಿ ಸಿಗಬೇಕು!

ಆ ಸೋಮವಾರ ರಜೆ ಕೇಳಿದೆ. ದೊಡ್ಡ ಡಾಕ್ಟರು ಕೊಡಲಿಲ್ಲ. ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಹಿಂದಿನ ದಿನವೇ ಹನೂರಿನ ಬಸ್ಸು ಹತ್ತಿದೆ. ಮರುದಿನ ಬೆಳಗಿನ ಬಿಸಿಲಿಗೆ ದೇವೀರಮ್ಮನ ಗಂಟಲು ನೋಡಿದೆ. ಗಂಟುಗಳು ಬಹಳ ಕರಗಿದ್ದವು, ಪೂರಾ ಹೋಗಿರಲಿಲ್ಲ.

"ಮಾತಾಡಬಹುದು, ಮೆಲ್ಲಗೆ. ಕೂಗಬಾರದು. ಕೂಗಿದರೆ ಇಷ್ಟು ದಿನ ಬಾಯಿ ಕಟ್ಟಿಕೊಂಡದ್ದೆಲ್ಲ ಮಣ್ಣುಪಾಲು. ಆಮೇಲೆ ದನಿ ಮೊದಲಿನಂತಾಗುತ್ತದೆ ಎಂದು ನಾನು ಮಾತು ಕೊಡಲಾರೆ" ಎಂದೆ.

ಆಕೆ ಸ್ಲೇಟು ತೆಗೆದು ಬರೆದರು. "ಕೂಗಿದರೆ ದನಿ ಹೋಗುತ್ತದೆ. ಕೂಗದಿದ್ದರೆ ಶಾಲೆ ಹೋಗುತ್ತದೆ. ಯಾವುದು ಬಿಡಲಿ?"

ಡಾಕ್ಟರ ಹತ್ತಿರ ಇದಕ್ಕೆ ಔಷಧಿ ಇಲ್ಲ. "ನಿಮ್ಮ ದನಿ ಅದು, ದೇವೀರಮ್ಮ. ನೀವೇ ಹೇಳಬೇಕು" ಎಂದೆ. ಆಕೆ ಸ್ಲೇಟು ಒರೆಸಿ ಗೋಡೆಗೆ ಒರಗಿಸಿಟ್ಟು, ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು.

ಊರಿಗೆ ಊರೇ ನೆರೆದಿತ್ತು. ಮಕ್ಕಳು ಜಗಲಿಯ ಕೆಳಗೆ ಸಾಲಾಗಿ ಕೂತಿದ್ದವು. ಹುಣಸೆಮರದಾಚೆ, ಕಣದ ನಡುವೆ ಬಸಪ್ಪನವರು ಕೋಲೂರಿ ನಿಂತಿದ್ದರು. ಪಕ್ಕದಲ್ಲಿ ಭೀಮ. ಗಂಡಸರೆಲ್ಲ ಅವರ ಹಿಂದೆ. ಹೆಂಗಸರು ಮರದ ನೆರಳಿನಲ್ಲಿ ಕಂಕುಳಲ್ಲಿ ಕೂಸುಗಳನ್ನಿಟ್ಟುಕೊಂಡು ಗುಜುಗುಜು ಎನ್ನುತ್ತಿದ್ದರು. ದೇವೀರಮ್ಮ ಜಗಲಿ ಹತ್ತಿ ನಿಂತರು. ಉಸಿರೆಳೆದುಕೊಂಡರು. ಕೂಗುತ್ತಾರೆ, ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿಬಿಟ್ಟೆ.

ಕೂಗಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಮಾತಾಡುವಷ್ಟೇ ದನಿಯಲ್ಲಿ "ಎರಡೊಂದ್ಲೆ ಎರಡು" ಎಂದರು. ದನಿ ತೆಳ್ಳಗಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ. ಎಷ್ಟೋ ದಿನಗಳ ಮೇಲೆ ಟೀಚರ ದನಿ ಕೇಳಿದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಷ್ಟೇ ಮೆಲ್ಲಗೆ ಹೇಳಿದವು.

"ಏನೂ ಕೇಳಿಸ್ನಿಲ್ಲ!" ಎಂದು ಕಣದಿಂದ ಬಸಪ್ಪನವರು ಕೂಗಿದರು. "ಜೋರಾಗ್ ಯೋಳಿ ಟೀಚರಮ್ಮ!"

ದೇವೀರಮ್ಮ ತಲೆ ಎತ್ತಿ ಅವರತ್ತ ನೋಡಿದರು. ದನಿ ಒಂದು ಎಳೆಯಷ್ಟೂ ಏರಿಸಲಿಲ್ಲ. "ಇಷ್ಟೇ ನನ್ನ ದನಿ. ಕೇಳೋರು ಹತ್ರ ಬನ್ನಿ" ಎಂದರು.

ನೆರಳಿನಲ್ಲಿದ್ದ ಹೆಂಗಸರಿಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. "ಏನಂದ್ರವ್ವಾ?" "ಅತ್ರುಕ್ ಬನ್ನಿ ಅಂತಾವ್ರ ಕಣೇ" ಎಂದು ಒಬ್ಬೊಬ್ಬಳೇ ಎದ್ದು ಜಗಲಿಯ ಕಡೆ ಬಂದಳು. ಹೆಂಡಿರು ಹೋದ ಕಡೆ ಏನಾಗುತ್ತಿದೆ ಎಂದು ನೋಡಲು ಗಂಡಂದಿರೂ ಬಂದರು. ನೋಡ ನೋಡುತ್ತಿದ್ದಂತೆ ಕಣ ಖಾಲಿಯಾಗಿ ಬಸಪ್ಪನವರು ಮತ್ತು ಭೀಮ ಇಬ್ಬರೇ ಉಳಿದರು. ಇಲ್ಲಿ ಮಗ್ಗಿ ಎರಡರಿಂದ ಮೂರಕ್ಕೆ ಹೋಗಿತ್ತು. ಅಲ್ಲಿ ನಿಂತು ಎಷ್ಟು ಹೊತ್ತು ಕೂಗಾಡುವುದು? ಬಸಪ್ಪನವರೂ ಕೋಲೂರಿಕೊಂಡು ಬಂದರು. ಜನ ದಾರಿ ಬಿಟ್ಟರು. ಜಗಲಿಯ ಬುಡದಲ್ಲಿ ನಿಂತು, ಮುಖ ಗಂಟು ಹಾಕಿಕೊಂಡು ಕೇಳಿದರು.

"ಕಾಯ್ಲ ಅಂತಿದ್ರಲ್ಲ ನಿಮ್ಗ?"

"ಕಾಯ್ಲ ನನ್ನ ಯಜಮಾನರಿಗಿತ್ತು, ನನಗಿಲ್ಲ" ಎಂದರು ದೇವೀರಮ್ಮ, ಅದೇ ದನಿಯಲ್ಲಿ. "ನಿಮ್ಮ ಕೈಯಲ್ಲಿ ಜಡ್ಡು ಅದಲ್ಲ ಗೌಡ್ರೇ, ನನ್ನ ಗಂಟಲಲ್ಲೂ ಅದೇ ಇದ್ದದ್ದು. ನಿಮ್ಮ ಕಣದ ತನ್ಕ ಕೂಗಿ ಕೂಗಿ ಬಂದದ್ದು. ಇನ್ಮೇಲೆ ನಾನು ಕೂಗೋದಿಲ್ಲ. ಮಕ್ಕಳು ಕಲ್ತವೋ ಇಲ್ವೋ ತಿಳೀಬೇಕಾದ್ರೆ ಇಲ್ಲೇ ಬಂದು ಕೇಳಿ. ಯಾರನ್ನ ಬೇಕಾದ್ರೂ ಕೇಳಿ."

ಬಸಪ್ಪನವರು ಅಂಗೈ ನೋಡಿಕೊಂಡದ್ದನ್ನು ನಾನು ಕಂಡೆ. ಆಮೇಲೆ ಮುಂದಿನ ಸಾಲಿನ ಒಂದು ಹೆಣ್ಣುಮಗುವಿನ ಕಡೆ ಕೋಲು ತೋರಿಸಿ, "ಲೇ, ಏಳೆಂಟ್ಲೆ?" ಎಂದರು. ಮಗು ಎದ್ದು ನಿಂತು, ಟೀಚರ ಹಾಗೆಯೇ ಮೆಲ್ಲಗೆ, "ಐವತ್ತಾರು" ಎಂದಿತು. ಇನ್ನೊಬ್ಬನನ್ನು ಕೇಳಿದರು. ಮತ್ತೊಬ್ಬಳನ್ನು ಕೇಳಿದರು. ಉತ್ತರ ಕೇಳಿಸಿಕೊಳ್ಳಲು ಪ್ರತಿಸಲವೂ ಬಗ್ಗಬೇಕಾಯಿತು. ಕಡೆಗೆ ಬಗ್ಗಿ ಬಗ್ಗಿ ಸೊಂಟ ಹಿಡಿಯಿತೋ ಏನೋ, ಚಪ್ಪಲಿ ಬಿಟ್ಟು ಜಗಲಿ ಹತ್ತಿ ಅಂಚಿನಲ್ಲಿ ಕೂತರು. "ಊಂ, ನಡೀಲಿ" ಎಂದರು.

ದೇವೀರಮ್ಮ ನಾಲ್ಕರ ಮಗ್ಗಿಗೆ ಬಾಯಿ ತೆಗೆದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಇಬ್ಬರು ಮಾತಾಡಿಕೊಂಡು ನಕ್ಕರು. ಬಸಪ್ಪನವರು ಜಗಲಿಯ ಮೇಲಿಂದಲೇ ತಿರುಗಿ, ಕಣ ದಾಟಿ ಆಚೆಗೂ ಕೇಳುವಂತೆ ಗದರಿದರು.

"ಸದ್ದು ಮಾಡ್ಬ್ಯಾಡಿ ಕಣ್ರಲಾ, ಟೀಚರಮ್ಮ ಮಾತಾಡ್ತಾವ್ರ!"